ದುಬೈ ಆಮ್ನೆಸ್ಟಿ: ರಶ್ ಕಡಿಮೆ ಆಗುವವರೆಗೆ ತಮ್ಮ ಕಾಯಬಹುದಾ?

(2024ರ ಆಮ್ನೆಸ್ಟಿ ಹೊತ್ತಿನಲ್ಲಿ ಬರೆದ ಉತ್ತರ ಇದು. ಆಮ್ನೆಸ್ಟಿ ಅಂದರೆ ವೀಸಾ ಮುಗಿದ ಮೇಲೂ ಉಳಿದವರಿಗೆ ಯುಎಇ ಸರ್ಕಾರ ಕೊಡುವ ಕ್ಷಮೆ. ಆ ಸಲದ ಗಡುವೂ ಆಮೇಲೆ ಡಿಸೆಂಬರ್ 31, 2024ರವರೆಗೆ ಹೋಗಿ ಮುಗಿದಿದೆ.) ದುಬೈಯಲ್ಲಿರುವ ತಮ್ಮನ ವೀಸಾ, ಪಾಸ್‌ಪೋರ್ಟ್ ಎರಡೂ ಮುಗಿದಿವೆ, 2018ರ ಹಾಗೆ ಈ ಸಲವೂ ಗಡುವು ಮುಂದೆ ಹೋಗಬಹುದಲ್ವಾ ಅಂತ ಕೇಳಿದ್ದೀರಿ. ಕಾಯಬೇಡಿ. 2018ರಲ್ಲಿ ಹಾಗೆ ಕಾದವನು ನಾನು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವನು. ಆಗ ದುಬೈಯ ದೇರಾದಲ್ಲಿ ಒಂದು ರೂಮಿಗೆ ಎಂಟು ಜನ. ಕಂಪನಿ ಮುಚ್ಚಿ, ವೀಸಾ ಹೋಗಿತ್ತು. ಆಗಸ್ಟ್ 1ಕ್ಕೆ ಆಮ್ನೆಸ್ಟಿ ಶುರುವಾಯಿತು. ದಂಡ ಕಟ್ಟದೆ ಊರಿಗೆ ಹೋಗಬಹುದು, ಇಲ್ಲವೇ ಕೆಲಸ ಹುಡುಕಲು ಆರು ತಿಂಗಳ ವೀಸಾ ತೆಗೆದುಕೊಳ್ಳಬಹುದು. ನನಗೆ ವೀಸಾ ಬೇಕಿತ್ತು, ಅದಕ್ಕೆ ಪಾಸ್‌ಪೋರ್ಟ್ ಬೇಕು. ಹೊಸದಕ್ಕೆ ಅರ್ಜಿ ಹಾಕಿದೆ. ತಪ್ಪಿದ್ದು ಅಲ್ಲೇ. ಹಳೇ ಪಾಸ್‌ಪೋರ್ಟಿನಲ್ಲಿದ್ದ ಉಪ್ಪಳದ ಬಾಡಿಗೆ ಮನೆಯ ವಿಳಾಸವನ್ನೇ ಬರೆದುಬಿಟ್ಟೆ. ಆ ಮನೆ ಬಿಟ್ಟು ಮೂರು ವರ್ಷ ಆಗಿತ್ತು, ನನಗೆ ಗೊತ್ತಿತ್ತು. ಆದರೆ ವಿಳಾಸ ಬದಲಿಸಿದರೆ ಜಾಸ್ತಿ ದಾಖಲೆ ಕೇಳುತ್ತಾರೆ, ತಡ ಆಗುತ್ತದೆ ಅಂತ ಹೆದರಿದೆ. ವೆರಿಫಿಕೇಶನ್‌ಗೆ ಬಂದ ಪೊಲೀಸರು ಬೀಗ ನೋಡಿ ವಾಪಸ್ ಹೋದರು. ಆಮೇಲೆ ಅದೇ ವಿಷಯದ ಒಂದು ಕಾಗದ ಹಳೇ ನೆರೆಮನೆಯವರ ಕೈಯಿಂದ ಪೆರ್ಲಕ್ಕೆ ಬಂತು. ಅದು ಮಲಯಾಳದಲ್ಲಿತ್ತು. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಕರೆಂಟ್ ಬಿಲ್ ಅಂದುಕೊಂಡು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಳು.

ಅಷ್ಟರಲ್ಲಿ ಗಡುವು ಅಕ್ಟೋಬರ್ 31ರಿಂದ ಡಿಸೆಂಬರ್ 1ಕ್ಕೆ, ಮತ್ತೆ ಡಿಸೆಂಬರ್ 31ಕ್ಕೆ ಹೋಯಿತು. ಪ್ರತಿ ಸಲವೂ ಸಮಾಧಾನ ಮಾಡಿಕೊಂಡು ಸುಮ್ನೆ ಕೂತೆ. ಬೆಡ್ ಬಾಡಿಗೆಗೆ ಅಮ್ಮ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟಳು. ಕೊನೆಯ ವಾರ ಔಟ್‌ಪಾಸ್ (ಪಾಸ್‌ಪೋರ್ಟ್ ಇಲ್ಲದವರು ಊರಿಗೆ ಬರಲು ಕೊಡುವ ಕಾಗದ) ಹಿಡಿದು ಮಂಗಳೂರಿನಲ್ಲಿ ಇಳಿದೆ. ಆ ಔಟ್‌ಪಾಸ್ ಆಗಸ್ಟಿನಲ್ಲೇ ಸಿಗುತ್ತಿತ್ತು.

ಕ್ಯೂಗೆ ಯಾಕೆ ಹೆದರುತ್ತೀರಿ? ಕ್ಯೂ ಒಂದು ದಿನದ್ದು, ಹೆಚ್ಚೆಂದರೆ ಎರಡು. ತಿಂಗಳುಗಟ್ಟಲೆ ಹೋಗುವುದು ಒಂದು ಆಫೀಸಿನ ಕಾಗದಕ್ಕೆ ಇನ್ನೊಂದು ಆಫೀಸಿನಲ್ಲಿ ಕಾಯುವುದರಲ್ಲಿ. ಸರ್ಕಾರ ಕ್ಷಮಿಸಿದರೂ ಕೈಯಲ್ಲಿ ಕಾಗದ ಇಲ್ಲದವನಿಗೆ ಅದು ಮುಟ್ಟುವುದಿಲ್ಲ. ಈ ಸಲ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31, 2024ರವರೆಗೆ ಅಂತ ಹೇಳಿದ್ದಾರೆ. ಅಲ್ಲೇ ಉಳಿಯುವುದಾದರೆ ನಮ್ಮ ಕಾನ್ಸುಲೇಟ್ ಕಡಿಮೆ ಅವಧಿಯ (ಶಾರ್ಟ್ ವ್ಯಾಲಿಡಿಟಿ) ಪಾಸ್‌ಪೋರ್ಟ್ ಕೊಡುತ್ತದೆ, ಊರಿಗೆ ಬರುವುದಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್, ಅಂದರೆ ಅದೇ ಔಟ್‌ಪಾಸ್. ಎರಡರಲ್ಲಿ ಯಾವುದು ಅಂತ ಈ ವಾರವೇ ತೀರ್ಮಾನ ಮಾಡಲಿ. ಬರುವುದಾದರೆ ಟಿಕೆಟಿನ ದುಡ್ಡು ಮೊದಲೇ ಹೊಂದಿಸಿಡಿ, ಎಕ್ಸಿಟ್ ಪರ್ಮಿಟ್ (ದೇಶ ಬಿಡುವ ಅನುಮತಿ) ಸಿಕ್ಕಿದ ಮೇಲೆ 14 ದಿನವೇ ಇರುವುದು. ಈ ಆಮ್ನೆಸ್ಟಿಯಲ್ಲಿ ಬಂದರೆ ಮತ್ತೆ ಹೋಗುವುದಕ್ಕೆ ನಿಷೇಧ ಇಲ್ಲ, ಅದನ್ನು ಅವನಿಗೆ ಧೈರ್ಯವಾಗಿ ಹೇಳಿ.

ಮತ್ತೆ ಅರ್ಜಿಯಲ್ಲಿ ಈಗ ನೀವು ಇರುವ ಮನೆಯ ವಿಳಾಸವನ್ನೇ ಬರೆಯಲಿ. ಜೊತೆಗೆ ಮಲಯಾಳ ಓದಲು ಬರುವ ಯಾರಾದರೊಬ್ಬರ ಫೋನ್ ನಂಬರ್ ಕೊಡಲಿ.