ಐರ್ಲೆಂಡಿನ ಪೀಟ್ ಬಾಗ್‌ನಲ್ಲಿ ಫೋಟೋ ತೆಗೆಯುವಂಥದ್ದು ಏನಿದೆ?

ಡಬ್ಲಿನ್‌ಗೆ ಓದಲು ಬಂದಿದ್ದೀರಿ, ಕ್ಯಾಮೆರಾ ಹಿಡಿದು ಒಂದು ಬಾಗ್‌ಗೆ, ಅಂದರೆ ಪೀಟ್ ತುಂಬಿದ ಜೌಗು ನೆಲಕ್ಕೆ, ಹೋದಿರಿ, ಬರೀ ಕಂದು ಬಯಲು ಸಿಕ್ಕಿತು. ಅಲ್ಲಿ ಏನು ತೆಗೆಯಬೇಕು, ಇಲ್ಲಿನವರಿಗೆ ಈ ಕೆಸರಿನ ಮೇಲೆ ಯಾಕಿಷ್ಟು ಮೋಹ, ಯಾಕಿಷ್ಟು ಜಗಳ ಅಂತ ಕೇಳಿದ್ದೀರಿ. ನಾನು ಅಥ್ಲೋನ್ ಕಡೆ ಇರುವವನು, ಸುತ್ತಮುತ್ತ ಬಾಗ್‌ಗಳೇ. ಮೊದಲು ಜಗಳ ಅರ್ಥವಾಗಲಿ, ಆಮೇಲೆ ಫೋಟೋ ತಾನಾಗಿ ಕಾಣುತ್ತದೆ.

ಈ ದೇಶದ ನೆಲದಲ್ಲಿ ಸುಮಾರು ಐದನೇ ಒಂದು ಭಾಗ ಪೀಟ್. ನೀರು ನಿಂತ ಜಾಗದಲ್ಲಿ ಸ್ಫ್ಯಾಗ್ನಮ್ ಪಾಚಿ ಸತ್ತು, ಪೂರ್ತಿ ಕೊಳೆಯದೆ, ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರಿನಂತೆ ಪದರ ಕಟ್ಟಿದೆ. ಕಾಡು ಕಡಿದು ಮುಗಿದಿತ್ತು, ಕಲ್ಲಿದ್ದಲು ಇದ್ದದ್ದು ಅಷ್ಟಕ್ಕಷ್ಟೇ. ಹಾಗಾಗಿ ಹಳ್ಳಿಯವರಿಗೆ ಒಲೆಗೆ ಹಾಕಲು ಇದೇ ಗತಿ. ಕತ್ತರಿಸಿ ಒಣಗಿಸಿದರೆ ಅದೇ ಟರ್ಫ್.

ಹೊರಗಿನವರ ತಲೆಯಲ್ಲಿ ಕೂತಿರುವ ಬಾಗ್ ಚಿತ್ರ ಬಂದದ್ದು ಬಹುಮಟ್ಟಿಗೆ ಪೋಸ್ಟ್‌ಕಾರ್ಡ್‌ಗಳಿಂದ. 1960ರ ದಶಕದಲ್ಲಿ ಜಾನ್ ಹಿಂಡ್ ಕಂಪನಿಯ ಒಂದು ಕಾರ್ಡ್ ಭಾರಿ ಹೆಸರು ಮಾಡಿತು. ಪಶ್ಚಿಮ ಕರಾವಳಿಯ ಕಾನೆಮಾರಾದಲ್ಲಿ ಕೆಂಪು ಕೂದಲಿನ ಇಬ್ಬರು ಮಕ್ಕಳು, ಟರ್ಫ್ ಬುಟ್ಟಿ ಹೊತ್ತ ಕತ್ತೆ. ಬಣ್ಣವೋ, ಕಣ್ಣು ಕುಕ್ಕುವಂತಿದೆ. (ಫ್ರೇಮಿನಲ್ಲಿ ಚೆನ್ನಾಗಿಲ್ಲದ್ದು ಬಂದರೆ ಹಿಂಡ್ ಒಂದು ರೋಡೊಡೆಂಡ್ರನ್ ಗಿಡ ಕಡಿದು ತಂದು ಮುಂದೆ ನಿಲ್ಲಿಸುತ್ತಿದ್ದರಂತೆ. ಈಗಿನ ಫಿಲ್ಟರ್‌ಗಳನ್ನು ಸುಮ್ನೆ ಬೈಯುತ್ತೇವೆ, ಅಲ್ವಾ?)

ಆ ಕಾರ್ಡ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಕಾಲಕ್ಕೆ ದೇಶದ ನಡುಭಾಗದಲ್ಲಿ, ಅಂದರೆ ಮಿಡ್‌ಲ್ಯಾಂಡ್ಸ್‌ನಲ್ಲಿ, ನಡೆಯುತ್ತಿದ್ದದ್ದೇ ಬೇರೆ. 1946ರಲ್ಲಿ ಬೋರ್ಡ್ ನ ಮೋನಾ ಎಂಬ ಸರ್ಕಾರಿ ಸಂಸ್ಥೆ ಶುರುವಾಯಿತು. ಬಾಗ್‌ಗಳಲ್ಲಿ ಕಾಲುವೆ ತೋಡಿ ನೀರು ಬಸಿದರು. ಮೇಲ್ಪದರವನ್ನು ಯಂತ್ರದಿಂದ ಪುಡಿಯಾಗಿ ಕೆರೆದು, ಪುಟ್ಟ ರೈಲುಗಳಲ್ಲಿ ವಿದ್ಯುತ್ ಸ್ಥಾವರಗಳಿಗೆ ಸಾಗಿಸಿದರು. ಆಫಲಿ, ಲಾಂಗ್‌ಫರ್ಡ್ ಕಡೆಯ ಊರುಗಳಲ್ಲಿ ಅಪ್ಪ, ಮಗ, ಮೊಮ್ಮಗ ಎಲ್ಲರಿಗೂ ಅದೇ ಕೆಲಸ. ಎಮಿಗ್ರೇಷನ್ ಬಿಟ್ಟರೆ ಬೇರೆ ದಾರಿ ಇಲ್ಲದ ಊರುಗಳಿಗೆ ಬಾಗ್ ಅಂದರೆ ಸಂಬಳ. ಲೇನ್ಸ್‌ಬರೋ ಮತ್ತು ಶಾನನ್‌ಬ್ರಿಜ್ ಸ್ಥಾವರಗಳು 2020ರ ಕೊನೆಗೆ ಮುಚ್ಚಿದವು. 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನೇ ಪೂರ್ತಿ ನಿಲ್ಲಿಸಿದೆವು ಅಂತ ಸಂಸ್ಥೆ ಹೇಳಿತು. ಬಸಿದ ಬಾಗ್ ಇಂಗಾಲ ಉಗುಳುತ್ತದೆ, ಕಾರಣಗಳಲ್ಲಿ ಅದೂ ಒಂದು. ಈಗ ಕಾಲುವೆ ತೋಡಿದವರೇ ಕಾಲುವೆ ಮುಚ್ಚಿ ನೀರು ನಿಲ್ಲಿಸುತ್ತಿದ್ದಾರೆ.

ನನ್ನ ಪ್ರಕಾರ ಈಗ ತೆಗೆಯಬೇಕಾದ ಫೋಟೋ ಇದೇ. ಮಂಜು, ಒಂಟಿ ಮರ, ಖಾಲಿ ಆಕಾಶ ಬೇಕಾದಷ್ಟು ಆಗಿದೆ. ನನಗಂತೂ ಅದನ್ನು ನೋಡಿ ಸಾಕಾಗಿದೆ. ತುಕ್ಕು ಹಿಡಿದ ಹಳಿ, ಮಧ್ಯೆ ಎದ್ದಿರುವ ಬರ್ಚ್ ಸಸಿ, ಕರೀ ನೆಲದ ಮೇಲೆ ಮೊದಲ ಸಲ ನಿಂತ ನೀರು. ಒಂದು ಜಾಗ ಗುರುತಿಟ್ಟುಕೊಂಡು, ಅದೇ ಲೆನ್ಸ್‌ನಿಂದ ಋತುವಿಗೊಮ್ಮೆ ತೆಗೆದು ನೋಡಿ. ಆಫಲಿಯ ಲಾಕ್ ಬೂರಾ ಇದಕ್ಕೆ ಒಳ್ಳೆಯದು. ಪೀಟ್ ತೆಗೆದು ಮುಗಿದ ಜಾಗ ಈಗ ಕೆರೆ, ಹಕ್ಕಿ, ನಡೆಯುವ ದಾರಿ. ಹಳೆಯ ಎಂಜಿನ್, ಗಾಡಿಗಳನ್ನೇ ಶಿಲ್ಪವಾಗಿ ನಿಲ್ಲಿಸಿದ್ದಾರೆ.

ಇನ್ನು ಮನೆಬಳಕೆಗೆ ಟರ್ಫ್ ಕಡಿಯುವವರ ವಿಷಯ. ಇಲ್ಲಿ ಸ್ವಲ್ಪ ಹುಷಾರು. ವಸಂತದಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಹಸಿ ಪೀಟನ್ನು ಚಕ್ಕುಲಿ ಒರಳಿನಿಂದ ಒತ್ತಿದ ಹಾಗೆ ಉದ್ದುದ್ದ ಸಾಲಾಗಿ ನೆಲಕ್ಕೆ ಬಿಡುತ್ತದೆ. ಸ್ಲಾನ್ ಎಂಬ ಹಳೆಯ ಕೈಗುದ್ದಲಿ ಈಗ ಅಪರೂಪ. ಆದರೆ ಅರೆ ಒಣಗಿದ ತುಂಡುಗಳನ್ನು ಎತ್ತಿ ಒಂದಕ್ಕೊಂದು ಆನಿಸಿ ನಿಲ್ಲಿಸುವುದು ಈಗಲೂ ಕೈಕೆಲಸ. ಮನೆಮಂದಿಯೆಲ್ಲ ಸೊಂಟ ಬಗ್ಗಿಸಿ ದಿನವಿಡೀ ಮಾಡುತ್ತಾರೆ, ಫ್ಲಾಸ್ಕಿನಲ್ಲಿ ಟೀ ಇರುತ್ತದೆ. ಒಳ್ಳೆಯ ಫೋಟೋ ಇರುವುದು ಇಲ್ಲೇ.

ಆದರೆ ಕ್ಯಾಮೆರಾ ಕಂಡರೆ ಇವರಿಗೆ ಅನುಮಾನ. 2011ರಲ್ಲಿ ಯುರೋಪಿನ ಕಾನೂನಿನಡಿ ರಕ್ಷಿತವಾದ 53 ಬಾಗ್‌ಗಳಲ್ಲಿ ಕಡಿಯುವುದನ್ನು ನಿಷೇಧಿಸಿದರು. ಪರಿಹಾರ ಕೊಟ್ಟರೂ ದೊಡ್ಡ ಗಲಾಟೆಯಾಯಿತು. ಅಜ್ಜನ ಕಾಲದಿಂದ ಬಂದ ಹಕ್ಕನ್ನು ಬ್ರಸೆಲ್ಸ್‌ನವರು (ಯುರೋಪಿಯನ್ ಒಕ್ಕೂಟದವರು) ಯಾಕೆ ಕಿತ್ತುಕೊಳ್ಳಬೇಕು ಅನ್ನೋದು ಅವರ ಸಿಟ್ಟು. 2022ರ ಅಕ್ಟೋಬರ್ ಕೊನೆಯಿಂದ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಟರ್ಫ್ ಮಾರುವಂತಿಲ್ಲ. ಹಕ್ಕಿದ್ದವರು ತಮ್ಮ ಮನೆಗೆ ಕಡಿದುಕೊಳ್ಳಬಹುದು. ದೂರದಿಂದ ಟೆಲಿ ಲೆನ್ಸ್ ಹಾಕಿ ನಿಂತರೆ ತಪಾಸಣೆಗೆ ಬಂದವರು ಅಂದುಕೊಳ್ಳುತ್ತಾರೆ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಮೊದಲು ಹವಾಮಾನದ ಮಾತಾಡಿ, ಒಂದು ಸಾಲು ಟರ್ಫ್ ನೀವೂ ನಿಲ್ಲಿಸಿಕೊಡಿ, ಆಮೇಲೆ ಕೇಳಿ. ಮುಖ ಬೇಡ ಅಂದರೆ ಕೈ ತೆಗೆಯಿರಿ. ನನಗೆ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ. ಬಾಗ್ ಉಳಿಯಬೇಕು ಅನ್ನುವವನೇ ನಾನು. ಆದರೂ ಪೆನ್ಷನ್‌ನಲ್ಲಿ ಬದುಕುವ ಮುದುಕರನ್ನು ಅಪರಾಧಿಗಳಂತೆ ತೋರಿಸುವ ಫೋಟೋ ನನಗೆ ಸರಿ ಕಾಣುವುದಿಲ್ಲ.

ಬಾಗ್ ಬಚ್ಚಿಟ್ಟುಕೊಂಡದ್ದನ್ನೂ ಒಮ್ಮೆ ನೋಡಿ ಬನ್ನಿ. ಡಬ್ಲಿನ್‌ನ ಕಿಲ್ಡೇರ್ ಸ್ಟ್ರೀಟ್ ಮ್ಯೂಸಿಯಂನಲ್ಲಿ, 2003ರಲ್ಲಿ ಸಿಕ್ಕ ಇಬ್ಬರ ದೇಹಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಒಬ್ಬನ ಬೆರಳ ಉಗುರು ಇನ್ನೂ ನೀಟಾಗಿದೆ, ಇನ್ನೊಬ್ಬನ ಕೂದಲಿಗೆ ಮರದ ರಾಳ ಹಚ್ಚಿದ ಗುರುತಿದೆ. ಪ್ರವೇಶ ಉಚಿತ. ಲಾಂಗ್‌ಫರ್ಡ್‌ನ ಕಾರ್ಲಿಯಾದಲ್ಲಿ ಕ್ರಿ.ಪೂ. 148ರ ಓಕ್ ಹಲಗೆಯ ರಸ್ತೆ ಪೀಟ್ ಒಳಗಿಂದ ಎದ್ದು ಬಂದಿದೆ. ಇವನ್ನು ನೋಡಿದ ಮೇಲೆ ಖಾಲಿ ಬಯಲು ಅನ್ನಲು ಮನಸ್ಸು ಬರುವುದಿಲ್ಲ.

ಈಗ ಕ್ಯಾಮೆರಾ ವಿಷಯ. ನಿಮ್ಮ ಫೋಟೋದಲ್ಲಿ ಪೀಟ್ ಬೂದು ಬೂದಾಗಿ ಬಂದಿದ್ದರೆ ತಪ್ಪು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿನದು. ಕಪ್ಪು ನೆಲ ಜಾಸ್ತಿ ಇದ್ದರೆ ಅದು ಬೆಳಕು ಏರಿಸಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್‌ವರೆಗೆ (ಅಂದರೆ ಬೆಳಕು ಅರ್ಧದಷ್ಟಾಗುವವರೆಗೆ) ಇಳಿಸಿ. ಮೇ ಕೊನೆಯಿಂದ ಜೂನ್‌ವರೆಗೆ ಬಾಗ್ ಕಾಟನ್ ಬಿಳಿ ಕುಚ್ಚು ಬಿಡುತ್ತದೆ, ಆಗಲೂ ಇಳಿಸಿಯೇ ತೆಗೆಯಿರಿ, ಇಲ್ಲದಿದ್ದರೆ ಬಿಳಿಯಲ್ಲಿ ಏನೂ ಉಳಿಯುವುದಿಲ್ಲ. ಒದ್ದೆ ಪಾಚಿಯ ಕೆಂಪು, ಹಸಿರು ಬೇಕಾದರೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ. ಹುಳ ಹಿಡಿಯುವ ಸನ್‌ಡ್ಯೂ ಗಿಡ ಬೆರಳಗಲ ಇರುತ್ತದೆ, ಅದಕ್ಕೆ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಕೇ ಬೇಕು. ನೀವು ಕಾಲು ಬದಲಿಸಿದರೂ ನೆಲ ಅಲುಗುತ್ತದೆ. ಟ್ರೈಪಾಡ್ ಇಟ್ಟರೆ ಉಸಿರು ಬಿಗಿಹಿಡಿದು ನಿಂತು ಟೈಮರ್ ಒತ್ತಿ. ಹೊಳೆಯುವ ಹಸಿರು ಪಾಚಿಯ ಮೇಲೆ ಮಾತ್ರ ಹೆಜ್ಜೆ ಇಡಬೇಡಿ, ಕೆಳಗೆ ನೀರೇ ಇರುತ್ತದೆ. ಮನೆಗೆ ಬಂದ ಮೇಲೆ ಕಾಲಲ್ಲಿ ಉಣ್ಣಿ ಹುಳ (ಟಿಕ್) ಕಚ್ಚಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು.

ಮೊದಲ ಸಲಕ್ಕೆ ಕ್ಲಾರಾ ಬಾಗ್ ಸಾಕು. ಹೂಸ್ಟನ್ ಸ್ಟೇಷನ್‌ನಿಂದ ಗಾಲ್ವೇ ಕಡೆಯ ರೈಲು ಕ್ಲಾರಾದಲ್ಲಿ ನಿಲ್ಲುತ್ತದೆಯೇ ನೋಡಿ ಹತ್ತಿ. ಊರಿನಿಂದ ನಡೆದೇ ಹೋಗಬಹುದು. ಹಲಗೆ ಹಾಸಿದ ದಾರಿ ಇದೆ, ಬೂಟು ಒದ್ದೆಯಾಗದೆ ಬಾಗ್ ಮೇಲೆಯೇ ನಡೆದು, ಬಗ್ಗಿ ನೋಡಿ ಬರಬಹುದು.