ಜಾಗ್ವಾರ್ ಇ-ಟೈಪ್ ಕಿಟ್: ನಾಲ್ಕರಲ್ಲಿ ಯಾವ್ದು ತಗೋಬೇಕು ಅಂತ ಕೇಳಿದ್ರಲ್ಲ

ಸರ್, ನಿಮ್ಮ ಪೋಸ್ಟ್ ನಿನ್ನೆನೇ ನೋಡಿದ್ದೆ, ಫೋನಲ್ಲಿ ಇಷ್ಟುದ್ದ ಟೈಪ್ ಮಾಡೋಕಾಗಲ್ಲ ಅಂತ ಈಗ ಲ್ಯಾಪ್‌ಟಾಪ್ ಮುಂದೆ ಕೂತೆ. ನೀವು ಕೇಳಿರೋದು ಇಷ್ಟು: ಇದುವರೆಗೂ 1/72 ಸ್ಕೇಲಿನ (ಅಸಲಿಯ 72ನೇ ಒಂದು ಭಾಗದ) ಪ್ಲಾಸ್ಟಿಕ್ ವಿಮಾನ ಮಾಡೆಲ್‌ಗಳನ್ನೇ ಮಾಡಿದೀರ, ಕಾರು ಇದೇ ಮೊದಲು, ಮಾಡಿದ್ರೆ ಅರವತ್ತರ ದಶಕದ ಆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಜಾಗ್ವಾರ್ ಇ-ಟೈಪೇ ಮಾಡ್ಬೇಕು. ಕಣ್ಣ ಮುಂದೆ ಇರೋದು ರೆವೆಲ್ ಕಂಪನಿಯ 1/24 ಕೂಪೆ (ಛಾವಣಿ ಇರೋದು), ಅದೇ ರೆವೆಲ್‌ನ ರೋಡ್‌ಸ್ಟರ್ (ಛಾವಣಿ ಇಲ್ಲದ್ದು), ಯಾರೋ ಸೆಕೆಂಡ್‌ಹ್ಯಾಂಡಲ್ಲಿ ಕೊಡ್ತಿರೋ ಹೆಲ್ಲರ್ ಕಂಪನಿಯ ಹಳೇ 1/24, ಮತ್ತೆ ಆ ದೊಡ್ಡ 1/8. ಮೇಲೆ ಒಬ್ಬರು "ದೊಡ್ಡದೇ ತಗೊಳ್ಳಿ, ದೊಡ್ಡದಾದಷ್ಟೂ ಕೆಲಸ ಸುಲಭ" ಅಂದಿದಾರೆ. ಅವರ ಮಾತು ನಾನಂತೂ ಒಪ್ಪಲ್ಲ.

ನನ್ನ ಉತ್ತರ ರೆವೆಲ್ ಕೂಪೆ. ಕಾರಣ ರೇಟೂ ಅಲ್ಲ, ಸ್ಕೇಲೂ ಅಲ್ಲ, ಬಾನೆಟ್.

ಬೇರೆ ಕಾರಲ್ಲಿ ಬಾನೆಟ್ ಅಂದ್ರೆ ಇಂಜಿನ್ ಮೇಲಿನ ಒಂದು ಮುಚ್ಚಳ ಅಷ್ಟೇ. ಇ-ಟೈಪಲ್ಲಿ ಎರಡೂ ಕಡೆ ಮಡ್‌ಗಾರ್ಡ್ ಸೇರಿ ಇಡೀ ಮೂತಿನೇ ಬಾನೆಟ್ಟು, ಹಿಂಜ್ ಇರೋದು ಮುಂದೆ, ಒಂದೇ ಪೀಸಾಗಿ ಮುಂದಕ್ಕೆ ಬಾಗಿ ಎದ್ದೇಳತ್ತೆ. ಈ ಶೇಪ್ ಕೊಟ್ಟ ಮಾಲ್ಕಮ್ ಸೇಯರ್ ಮೊದಲು ಬ್ರಿಸ್ಟಲ್ ವಿಮಾನ ಕಂಪನಿಲಿ ಇದ್ದ ಮನುಷ್ಯ, ಹಾಗಾಗಿ ವಿಮಾನ ಮಾಡಿರೋ ನಿಮಗೆ ಇದರ ಒಳಗಿನ ಲೆಕ್ಕ ಬೇಗ ಹಿಡಿಯತ್ತೆ. ನಡುವೆ ಮೊನೊಕಾಕ್ ತೊಟ್ಟಿ (ಬೇರೆ ಚಾಸಿ ಇಲ್ದೆ ತಗಡಿನ ಬಾಡಿನೇ ಭಾರ ಹೊರೋ ಭಾಗ), ಅದರ ಮುಂದಿನ ಗೋಡೆಗೆ ರೆನಾಲ್ಡ್ಸ್ 531 ಅನ್ನೋ ಉಕ್ಕಿನ ಚೌಕ ಪೈಪುಗಳ ಫ್ರೇಮನ್ನ ಬೋಲ್ಟ್ ಹಾಕಿ ಕೂರಿಸಿದಾರೆ, ಇಂಜಿನ್ನೂ ಮುಂದಿನ ಸಸ್ಪೆನ್ಷನ್ನೂ ಆ ಫ್ರೇಮಿಗೇ ನೇತಾಡ್ತಾವೆ. ಸ್ಪಿಟ್‌ಫೈರ್ ವಿಮಾನದಲ್ಲಿ ಫೈರ್‌ವಾಲ್‌ಗೆ (ಇಂಜಿನ್ ಹಿಂದಿನ ಗೋಡೆಗೆ) ಇಂಜಿನ್ ಹೊರೋ ಬೇರರ್ ಕೂರೋ ಥರಾನೇ.

ಈಗ ಕಿಟ್‌ಗೆ ಬನ್ನಿ. ಬಾನೆಟ್ಟಿನ ಹಿಂದಿನ ಅಂಚು ವಿಂಡ್‌ಸ್ಕ್ರೀನ್ ಕೆಳಗೆ ಬಾಡಿಗೆ ಸೇರ್ಬೇಕು, ಪಕ್ಕದಲ್ಲಿ ಬಾಗಿಲಿನ ಮುಂದೆ ಸೇರ್ಬೇಕು, ಕೆಳಗೆ ಸಿಲ್‌ಗೆ (ಬಾಗಿಲ ಕೆಳಗಿನ ಪಟ್ಟಿಗೆ) ಸೇರ್ಬೇಕು. ಇಂಜಿನ್ ಅರ್ಧ ಮಿಲಿಮೀಟರ್ ಎತ್ತರ ಕೂತ್ರೂ ಇದ್ಯಾವುದೂ ಸೇರಲ್ಲ, 1/24ರಲ್ಲಿ ಅರ್ಧ ಮಿಲಿಮೀಟರ್ ಅಂದ್ರೆ ನಿಜವಾದ ಕಾರಲ್ಲಿ 12 ಮಿಲಿಮೀಟರ್, ನೋಡಿದವರಿಗೆ ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಗತ್ತೆ. ಅದಕ್ಕೇ ಗಮ್ ಮುಟ್ಟೋ ಮೊದಲು ತೊಟ್ಟಿ, ಫ್ರೇಮ್, ಇಂಜಿನ್ ಬ್ಲಾಕ್, ರೇಡಿಯೇಟರ್, ಬಾನೆಟ್ ಇಷ್ಟನ್ನೂ ಮಾಸ್ಕಿಂಗ್ ಟೇಪಲ್ಲೇ ಜೋಡ್ಸಿ ಮುಚ್ಚಿ ನೋಡಿ. ಎಲ್ಲಿ ತಾಗ್ತಿದೆ ಅಂತ ಗೊತ್ತಾಗ್ದಿದ್ರೆ ಇಂಜಿನ್ ಮೇಲೆ ಸ್ವಲ್ಪ ಮಾರ್ಕರ್ ಇಂಕ್ ಹಚ್ಚಿ ಒಣಗೋ ಮುಂಚೆ ಬಾನೆಟ್ ಮುಚ್ಚಿ, ತಾಗೋ ಜಾಗದಲ್ಲಿ ಒಳಗಡೆ ಕಲೆ ಬೀಳತ್ತೆ, ಅಲ್ಲಿ ಮಾತ್ರ ಉಜ್ಜಿ. ಇನ್ನೊಂದು, ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಸೇರಿ ಅಂಚಲ್ಲಿ ದಪ್ಪ ಕೂರತ್ತೆ, ಬಣ್ಣ ಇಲ್ಲದಾಗ ಟೈಟಾಗಿ ಕೂತಿದ್ದು ಬಣ್ಣ ಆದ್ಮೇಲೆ ಕೂರಲ್ಲ, ಹಾಗಾಗಿ ಅಂಚಿನ ಒಳಬದಿ ಮೊದ್ಲೇ ಒಂಚೂರು ಹೆರೆದಿಡಿ.

ಈ ಒಂದು ಕೆಲಸಕ್ಕೆ ಹೊಸ ಮೌಲ್ಡ್ (ಪ್ಲಾಸ್ಟಿಕ್ ಪೀಸು ಎರಕ ಹೊಯ್ಯೋ ಅಚ್ಚು) ಎಷ್ಟು ಸಹಾಯ ಮಾಡತ್ತೆ ಅಂದ್ರೆ ಬೇರೆ ಯಾವ ಲೆಕ್ಕಾನೂ ಬೇಡ. ರೆವೆಲ್ 1/24 ನಾಲ್ಕರಲ್ಲಿ ಹೊಸ ತಲೆಮಾರಿನ ಮೌಲ್ಡು. ಹೆಲ್ಲರ್ ದಶಕಗಳಷ್ಟು ಹಳೇದು. 1/8 ಇದ್ಯಲ್ಲ, ಅದು 1960ರ ದಶಕದ ಮೋನೋಗ್ರಾಮ್ ಮೌಲ್ಡು, ಡಬ್ಬಿ ಮೇಲೆ ಈಗ ರೆವೆಲ್ ಅಂತ ಇರತ್ತೆ ಅಷ್ಟೇ. ಡಬ್ಬಿ ಹೊಸದು, ಒಳಗಿರೋದು ತಾತನ ಕಾಲದ್ದು, ಕಿಟ್ ಲೋಕದಲ್ಲಿ ಇದು ಮಾಮೂಲು. ಯಾವ ಕಿಟ್ ತಗೊಳ್ಳೋ ಮುಂಚೆನೂ ಸ್ಕೇಲ್‌ಮೇಟ್ಸ್ ಸೈಟಲ್ಲಿ ಅದರ ಟೈಮ್‌ಲೈನ್ ನೋಡಿ, ಹೊಸ ಅಚ್ಚಾ ಹಳೇದಕ್ಕೆ ಹೊಸ ಡಬ್ಬಿನಾ ಅಂತ ಅಲ್ಲಿ ಇರತ್ತೆ, ಎಷ್ಟೋ ಕಿಟ್‌ಗೆ ಇನ್‌ಸ್ಟ್ರಕ್ಷನ್ ಶೀಟೂ ಸಿಗತ್ತೆ.

1/8 ಯಾಕೆ ಬೇಡ ಅಂದ್ರೆ, ಕಾರಿನ ಉದ್ದ ಸುಮಾರು 4.45 ಮೀಟರ್, ಎಂಟರಿಂದ ಭಾಗಿಸಿದ್ರೆ 55 ಸೆಂಟಿಮೀಟರ್ ಮೇಲೆ. ಮನೇಲಿ ಎಲ್ಲಿ ಇಡ್ತೀರ? 1/24 ಆದ್ರೆ ಹದಿನೆಂಟೂವರೆ ಸೆಂಟಿಮೀಟರ್, ಪುಸ್ತಕದ ಶೆಲ್ಫಲ್ಲಿ ಆರಾಮಾಗಿ ಕೂರತ್ತೆ. ಜಾಗ ಬಿಡಿ, ದೊಡ್ಡ ಸ್ಕೇಲಲ್ಲಿ ಖಾಲಿ ಜಾಗ ಎದ್ದು ಕಾಣತ್ತೆ, ಪ್ಲಗ್ ವೈರು, ಫ್ಯೂಯಲ್ ಪೈಪು, ಬ್ರೇಕ್ ಲೈನು ಎಲ್ಲ ನೀವೇ ಎಳೀಬೇಕು, ಇಲ್ಲಾಂದ್ರೆ ಆಟದ ಸಾಮಾನು ಅನ್ಸತ್ತೆ. ಅಷ್ಟು ದೊಡ್ಡ ಬಾನೆಟ್ಟಿಗೆ ಧೂಳು ಕೂರದಂಗೆ, ಕಿತ್ತಳೆ ಸಿಪ್ಪೆ ಥರ ತರಿತರಿ ಆಗದಂಗೆ ಸ್ಪ್ರೇ ಮಾಡೋದು ಮೊದಲನೇ ಕಾರಿಗೆ ಆಗೋ ಕೆಲಸ ಅಲ್ಲ. ಹೊರದೇಶದಿಂದ ತರಿಸಿದ್ರೆ ಕೊರಿಯರ್‌ನವರು ತೂಕಕ್ಕಲ್ಲ, ಡಬ್ಬಿ ಸೈಜಿಗೆ ದುಡ್ಡು ಹಾಕ್ತಾರೆ, ಮೇಲೆ ಕಸ್ಟಮ್ಸು.

ಕೂಪೆನಾ ರೋಡ್‌ಸ್ಟರಾ ಅನ್ನೋದು ನಿಜಕ್ಕೂ ಯೋಚ್ನೆ ಮಾಡೋ ವಿಷಯ. ನೋಡೋಕೆ ರೋಡ್‌ಸ್ಟರ್ ಚೆಂದ, ಆದ್ರೆ ತಲೆ ಮೇಲೆ ಏನೂ ಇಲ್ದೆ ಒಳಗಿಂದೆಲ್ಲಾ ಬಯಲು, ಸೀಟು, ಡ್ಯಾಶ್, ಸ್ಟೀರಿಂಗ್ ಎಲ್ಲದಕ್ಕೂ ಮಾರ್ಕ್ಸ್ ಬೀಳತ್ತೆ, ವಿಂಡ್‌ಸ್ಕ್ರೀನ್ ಫ್ರೇಮ್ ಸಣ್ಣ ಕಡ್ಡಿ, ಕೊನೇವರೆಗೂ ಮುರೀದಂಗೆ ಕಾಪಾಡ್ಬೇಕು. ಕೂಪೆಲಿ ಛಾವಣಿ ಇರೋದ್ರಿಂದ ಬಾಡಿ ಗಟ್ಟಿ, ಬಾನೆಟ್ ಫಿಟ್ ನೋಡುವಾಗ ಬಳುಕಲ್ಲ. ಕೂಪೆಯ ಕಷ್ಟ ಗಾಜು, ಅಂದ್ರೆ ಕಿಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಪೀಸು. ಕಿಟಕಿಗೆ ಫೆವಿಕ್ವಿಕ್ ಮಾತ್ರ ಹಾಕಲೇಬೇಡಿ, ಅದರ ಹಬೆಗೆ ಗಾಜು ಬೆಳ್ಳಗೆ ಮಂಜಾಗತ್ತೆ. ಬಿಳಿ ಫೆವಿಕಾಲ್‌ನ ಟೂತ್‌ಪಿಕ್ ತುದೀಲಿ ತಗೊಂಡು ಅಂಚಿಗೆ ಹಚ್ಚಿ, ಒಣಗಿದ್ಮೇಲೆ ಕಾಣಲ್ಲ, ಹೆಚ್ಚಾಗಿದ್ದು ಒದ್ದೆ ಬಡ್ಸಲ್ಲಿ ಒರೆಸಿದ್ರೆ ಹೋಗತ್ತೆ. ಹೆಡ್‌ಲೈಟ್ ಮೇಲಿನ ಗಾಜಿಗೂ ಅದೇ. ಕಿಟಕಿ ಸುತ್ತ ಇರೋ ಕ್ರೋಮ್ ಗೆರೆಗೆ ಬೇರ್ ಮೆಟಲ್ ಫಾಯಿಲ್ (ಹಿಂದೆ ಅಂಟಿರೋ ತೆಳ್ಳನೇ ಲೋಹದ ಹಾಳೆ) ಅಂಟಿಸಿ ಹೊಸಾ ಬ್ಲೇಡಲ್ಲಿ ಕತ್ತರಿಸಿ, ಬ್ರಶ್ಶಲ್ಲಿ ಸಿಲ್ವರ್ ಬಳಿದ್ರೆ ಬಳಿದಂಗೇ ಕಾಣತ್ತೆ.

ಯಾವ ವರ್ಷದ ಕಾರು ಮಾಡ್ತೀರ ಅಂತ ಬಣ್ಣಕ್ಕೆ ಮುಂಚೆನೇ ತೀರ್ಮಾನ ಮಾಡಿ, ಇಲ್ಲಾಂದ್ರೆ ರೆಫರೆನ್ಸ್ ಫೋಟೋ ನೋಡ್ತಾ ನೋಡ್ತಾ ತಲೆ ಕೆಡತ್ತೆ. 1961 ಮಾರ್ಚಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಬಂದಿದ್ದು 3.8 ಲೀಟರ್, ಆರು ಸಿಲಿಂಡರ್, ಎಸ್‌ಯು ಕಂಪನಿಯ ಮೂರು ಕಾರ್ಬುರೇಟರ್, ಹೆಡ್‌ಲೈಟಿಗೆ ಗಾಜಿನ ಮುಚ್ಚಳ, ಡ್ಯಾಶ್ ಮಧ್ಯೆ ಅಲ್ಯೂಮಿನಿಯಂ ಪ್ಯಾನೆಲ್. ಶುರುವಿನ ಸುಮಾರು 500 ಕಾರಿಗೆ ಬಾನೆಟ್ ಲಾಕ್ ಹೊರಗಿಂದ. 1964ರ ಕೊನೇಲಿ 4.2 ಬಂತು, ಡ್ಯಾಶ್ ಕಪ್ಪಾಯ್ತು. 1968ರ ಸೀರೀಸ್ 2ರಲ್ಲಿ ಗಾಜಿನ ಮುಚ್ಚಳ ಇಲ್ಲ, ಹಿಂದಿನ ಲೈಟು ಬಂಪರ್ ಕೆಳಗೆ. 1971ರ ಸೀರೀಸ್ 3 ವಿ12, ಅದರ ಮೂತಿನೇ ಬೇರೆ. ಗೂಗಲಲ್ಲಿ ಸಿಗೋ ಫೋಟೋದಲ್ಲಿ ಇವೆಲ್ಲ ಕಲಸುಮೇಲೋಗರ ಆಗಿರತ್ತೆ, ಜೊತೆಗೆ ರೆಸ್ಟೋರ್ ಮಾಡೋವಾಗ ಓನರ್‌ಗಳು ಅವರಿಗೆ ಬೇಕಾದ್ದು ಹಾಕಿರ್ತಾರೆ.

ಬಣ್ಣ ನಿಮ್ಮಿಷ್ಟ, ಆದ್ರೆ ಎಲ್ಲರೂ ಕೆಂಪೇ ಮಾಡ್ತಾರೆ. ಜಿನೀವಾ ಟೈಮಿನ ಕೂಪೆ, ನಂಬರ್ ಪ್ಲೇಟ್ 9600 ಎಚ್‌ಪಿ, ಗನ್‌ಮೆಟಲ್ ಗ್ರೇ, ಅದಕ್ಕೆ ತಮಿಯಾ ಕಂಪನಿಯ ಟಿಎಸ್-42 ಸ್ಪ್ರೇ ಬಣ್ಣ ಹತ್ರ ಬರತ್ತೆ. ಜಾಗ್ವಾರ್‌ನ ಟೆಸ್ಟ್ ಡ್ರೈವರ್ ನಾರ್ಮನ್ ಡೂಯಿಸ್ ಇಂಗ್ಲೆಂಡಿನ ಕೊವೆಂಟ್ರಿಯಿಂದ ರಾತ್ರಿಯೆಲ್ಲಾ ಓಡಿಸ್ಕೊಂಡು ಜಿನೀವಾಗೆ ತಂದ ಕಾರು, ನಂಬರ್ ಪ್ಲೇಟ್ 77 ಆರ್‌ಡಬ್ಲ್ಯೂ, ಹಸಿರು, ಟಿಎಸ್-9 ಸಾಕು, ಆದ್ರೆ ಅದು ರೋಡ್‌ಸ್ಟರ್, ಎರಡನೇ ಕಿಟ್‌ಗೆ ಇಟ್ಕೊಳ್ಳಿ. ಮೆಟಾಲಿಕ್ ಆದ್ರೆ ಬಾಡಿ ಬಾನೆಟ್ ಎರಡನ್ನೂ ಒಂದೇ ಸಲ, ಒಂದೇ ದಿಕ್ಕಿಗೆ ನಿಲ್ಲಿಸಿ ಹೊಡೀರಿ, ಇಲ್ಲಾಂದ್ರೆ ಎರಡು ಶೇಡ್ ಬರತ್ತೆ. ಕಿಟ್ ಪ್ಲಾಸ್ಟಿಕ್ಕೇ ಕೆಂಪಿದ್ದು ಮೇಲೆ ಬಿಳಿ ಹೊಡೀತೀನಿ ಅಂದ್ರೆ ಮೊದ್ಲು ಗ್ರೇ ಪ್ರೈಮರ್ ಮೇಲೆ ಸಿಲ್ವರ್ ಒಂದು ಕೋಟ್ ಕೊಡಿ, ಇಲ್ಲಾಂದ್ರೆ ಕೆಂಪು ಒಳಗಿಂದ ಎದ್ದು ಗುಲಾಬಿ ಮಾಡ್ಬಿಡತ್ತೆ. ನೀವಿರೋದು ಮಂಗಳೂರು ಅಂದ್ರಿ, ಜೂನ್ ಜುಲೈಲಿ ಸ್ಪ್ರೇ ಕ್ಯಾನ್ ಮುಟ್ಬೇಡಿ ಸರ್. ಆ ಹವೆಗೆ ಲ್ಯಾಕರ್ ಹಾಲು ಚೆಲ್ಲಿದಂಗೆ ಬೆಳ್ಳಗಾಗತ್ತೆ. ಮಳೇಲಿ ಇಂಜಿನ್, ಒಳಭಾಗ, ಚಕ್ರ ಬ್ರಶ್ಶಲ್ಲಿ ಮುಗಿಸ್ಕೊಳ್ಳಿ, ಬಾಡಿ ನವೆಂಬರ್‌ಗೆ ಇಡಿ. ಸ್ಪ್ರೇ ಕ್ಯಾನ್ ಏರ್ ಕೊರಿಯರಲ್ಲಿ ಬರಲ್ಲ, ರಸ್ತೆ ಮೂಲಕನೇ ಬರ್ಬೇಕು, ಅದಕ್ಕೆ ಈಗ್ಲೇ ಆರ್ಡರ್ ಹಾಕಿದ್ರೆ ಒಳ್ಳೇದು.

ವೈರ್ ವೀಲ್ ಬಗ್ಗೆ ಕೇಳಿದ್ರಿ. ಅಸಲಿ ಚಕ್ರಕ್ಕೆ 72 ಸ್ಪೋಕು, ಪ್ಲಾಸ್ಟಿಕ್ಕಲ್ಲಿ ಯಾರೇ ಮಾಡಿದ್ರೂ ಸ್ವಲ್ಪ ದಪ್ಪಾನೇ. ಕಪ್ಪು ವಾಶನ್ನ (ಸಂದಿಗೆ ಹರಿಯೋ ನೀರು ಬಣ್ಣ) ತೆಳ್ಳಗೆ ಮಾಡಿ ಸ್ಪೋಕ್ ನಡುವೆ ಬಿಟ್ಟು ಮೇಲ್ಭಾಗ ಒರೆಸಿ, ಅರ್ಧ ದಪ್ಪ ಕಣ್ಣಿಗೆ ಕಮ್ಮಿಯಾಗತ್ತೆ. ಫೋಟೋ-ಎಚ್ (ತೆಳು ಲೋಹದ ಹಾಳೆ ಕೊರೆದು ಮಾಡಿರೋ) ವೀಲ್ ಸೆಟ್ಟು ಈಗ್ಲೇ ಬೇಡ, ಕಿಟ್ಟಿನಷ್ಟೇ ರೇಟ್ ಹೇಳ್ತಾರೆ, ಬಗ್ಗಿಸೋದ್ರಲ್ಲಿ ಅರ್ಧ ಜೀವ ಹೋಗತ್ತೆ.

ಹೆಲ್ಲರ್ ಬೇಡ ಅಂತ ನಾನು ಖಂಡಿತವಾಗಿ ಹೇಳ್ತಿಲ್ಲ. ರೆವೆಲ್‌ನ ಅರ್ಧ ರೇಟಿಗಿಂತ ಕಮ್ಮಿಗೆ ಕೊಟ್ರೆ ತಗೊಂಡಿಡಿ, ಅಂಚಿನ ಫ್ಲ್ಯಾಶ್ (ಅಚ್ಚಿನಿಂದ ಹೊರಬಂದ ಹೆಚ್ಚುವರಿ ಪ್ಲಾಸ್ಟಿಕ್) ಕೆತ್ತೋಕೆ, ಪುಟ್ಟಿ ಹಾಕೋಕೆ, ಹೊಸ ಬಣ್ಣ ಟ್ರೈ ಮಾಡೋಕೆ ಒಳ್ಳೇ ಬಾಡಿ. ಆದ್ರೆ ದುಡ್ಡು ಕಳಿಸೋ ಮುಂಚೆ ಅವರ ಹತ್ರ ಮೂರು ಫೋಟೋ ಕೇಳಿ: ಗಾಜಿನ ಸ್ಪ್ರೂ (ಪೀಸುಗಳು ಅಂಟ್ಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಬೆಳಕಿಗೆ ಹಿಡಿದು, ಡೆಕಾಲ್ (ಸ್ಟಿಕರ್ ಥರದ ಗುರುತು) ಶೀಟು ಹಳದಿಯಾಗಿದ್ಯಾ ಅಂತ, ಮತ್ತೆ ಬಾನೆಟ್ಟನ್ನ ಸಪಾಟು ಟೇಬಲ್ ಮೇಲೆ ಇಟ್ಟು ಪಕ್ಕದಿಂದ, ಹಳೇ ಪೀಸು ಬಿಸಿಲಿಗೆ ಸೊಟ್ಟಗಾಗಿದ್ರೆ ಅದರಲ್ಲೇ ಗೊತ್ತಾಗತ್ತೆ. ಬಂದ್ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.