ಆರೋಗ್ಯ ಪ್ರಶ್ನೋತ್ತರ: ಡಯಾಲಿಸಿಸ್ ಲೆಕ್ಕಕ್ಕೆ ಸಿಕ್ಕವರು, ಸಿಗದವರು

ಪ್ರಶ್ನೆ: ಜಪಾನಿನಲ್ಲಿ ಪ್ರತಿ ಹತ್ತು ಲಕ್ಷ ಜನರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಂದಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆಂದು ಓದಿದೆ. ನಮ್ಮಲ್ಲಿ ಈ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆಯಂತೆ. ಹಾಗಾದರೆ ನಮ್ಮವರ ಮೂತ್ರಪಿಂಡಗಳು ಹೆಚ್ಚು ಗಟ್ಟಿ ಎಂದು ತಿಳಿಯಬಹುದೇ? ನಮ್ಮ ದೊಡ್ಡಪ್ಪನವರು ಮೂರು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡು, ಆಮೇಲೆ ಹೋಗುವುದನ್ನೇ ಬಿಟ್ಟು ತೀರಿಕೊಂಡರು.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಹಾಗೆ ತಿಳಿಯಲು ಬರುವುದಿಲ್ಲ. ಅದಕ್ಕೆ ಕಾರಣ ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಇದೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಎಷ್ಟು ಮಳೆ ಬಿತ್ತು ಎಂಬುದನ್ನಷ್ಟೇ ಅವಲಂಬಿಸಿಲ್ಲ, ತೂಬಿನಿಂದ ಎಷ್ಟು ಹರಿದುಹೋಯಿತು ಎಂಬುದನ್ನೂ ಅವಲಂಬಿಸಿದೆ. ಡಯಾಲಿಸಿಸ್‌ನಲ್ಲಿರುವವರ, ಅಂದರೆ ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳುವವರ ಸಂಖ್ಯೆಯೂ ಹಾಗೆಯೇ. ಹೊಸದಾಗಿ ಚಿಕಿತ್ಸೆಗೆ ಬಂದವರು ಒಳಹರಿವು. ಕಸಿ (ದಾನಿಯ ಮೂತ್ರಪಿಂಡದ ಜೋಡಣೆ) ಪಡೆದವರು, ತೀರಿಕೊಂಡವರು, ನಡುವೆಯೇ ಬಿಟ್ಟವರು ಹೊರಹರಿವು. ಜಪಾನಿನಲ್ಲಿ 2023ರ ಕೊನೆಗೆ ಸುಮಾರು 3.4 ಲಕ್ಷ ಜನ ಡಯಾಲಿಸಿಸ್‌ನಲ್ಲಿದ್ದರು, ಅವರ ಸರಾಸರಿ ವಯಸ್ಸು ಎಪ್ಪತ್ತರ ಆಸುಪಾಸು. ಅಲ್ಲಿ 1972ರಿಂದಲೇ ಈ ಚಿಕಿತ್ಸೆಗೆ ಸರ್ಕಾರದ ನೆರವಿರುವುದರಿಂದ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಂತ್ರದ ಆಸರೆಯಲ್ಲಿ ಬದುಕಿರುವವರು ಸಾವಿರಾರು ಮಂದಿ ಇದ್ದಾರೆ. ಕಸಿಯಂತೂ ವರ್ಷಕ್ಕೆ ಎರಡು ಸಾವಿರದ ಆಸುಪಾಸಿನಲ್ಲೇ ನಿಂತಿದೆ. ತೂಬು ಸಣ್ಣದಾದಾಗ ಕೆರೆ ತುಂಬುವುದು ಸಹಜ.

ನಮ್ಮಲ್ಲಿ ಒಳಹರಿವು ಎಷ್ಟು? ಇದನ್ನು ಜನಸಂಖ್ಯೆಯ ಆಧಾರದ ಮೇಲೆ ಅಳೆದ ಮುಖ್ಯ ಅಧ್ಯಯನವೊಂದು 2006ರಲ್ಲಿ ಭೋಪಾಲದಿಂದ ಬಂತು. ಅನಿಲ ದುರಂತದ ಸಂತ್ರಸ್ತರಿಗೆಂದು ಅಲ್ಲಿ ಪ್ರತ್ಯೇಕ ಆಸ್ಪತ್ರೆ ವ್ಯವಸ್ಥೆಯಿದ್ದು, ಅದರ ವ್ಯಾಪ್ತಿಯಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದುದರಿಂದ, ‘ಇಷ್ಟು ಜನರಲ್ಲಿ ಇಷ್ಟು ಮಂದಿಗೆ’ ಎಂದು ಖಚಿತವಾಗಿ ಹೇಳುವುದು ಸಾಧ್ಯವಾಯಿತು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 151 ಮಂದಿಗೆ ಹೊಸದಾಗಿ ಮೂತ್ರಪಿಂಡ ವೈಫಲ್ಯ ಕಂಡುಬಂತು. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದಾಗ ಈ ಸಂಖ್ಯೆ 232 ಆಯಿತು. ನೂರರಲ್ಲಿ 44 ಮಂದಿಗೆ ಸಕ್ಕರೆ ಕಾಯಿಲೆಯೇ ಕಾರಣವಾಗಿತ್ತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಂಕಿ: ಆ ರೋಗಿಗಳ ಸರಾಸರಿ ವಯಸ್ಸು 47. ಮಕ್ಕಳ ಓದು ಇನ್ನೂ ಮುಗಿದಿರದ, ಮನೆಯ ಸಾಲ ಇನ್ನೂ ತೀರದ ವಯಸ್ಸು ಅದು.

2016ರ ಕೇಂದ್ರ ಬಜೆಟ್ ಭಾಷಣದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸುವಾಗ, ದೇಶದಲ್ಲಿ ಪ್ರತಿವರ್ಷ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆ, ಅವರಿಗೆ ಹೆಚ್ಚುವರಿಯಾಗಿ 3.4 ಕೋಟಿ ಡಯಾಲಿಸಿಸ್‌ಗಳು ಬೇಕಾಗುತ್ತವೆ ಎಂದು ಹೇಳಲಾಯಿತು. ಭಾಗಿಸಿ ನೋಡಿ: ಒಬ್ಬರಿಗೆ ವರ್ಷಕ್ಕೆ ಸುಮಾರು 155, ಅಂದರೆ ವಾರಕ್ಕೆ ಮೂರು ಸಲ. ಇರಬೇಕಾದದ್ದೂ ಅಷ್ಟೇ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಆದರೆ ನಮ್ಮಲ್ಲಿ ಬಹಳಷ್ಟು ಜನರಿಗೆ ದಕ್ಕುವುದು ವಾರಕ್ಕೆ ಎರಡೇ ಸಲ.

ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದ ರಿಜಿಸ್ಟರನ್ನು ನಾನೊಮ್ಮೆ ಕೂತು ತಿರುವಿಹಾಕಿದ್ದೆ. ಪ್ರತಿ ಹೆಸರಿನ ಮುಂದೆ ಯಂತ್ರಕ್ಕೆ ಹಾಕುವ ಮೊದಲಿನ ತೂಕ, ಇಳಿಸಿದ ಮೇಲಿನ ತೂಕ, ಬಿ.ಪಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಒಬ್ಬ ರೋಗಿ ಮಂಗಳವಾರ, ಶುಕ್ರವಾರ ತಪ್ಪದೆ ಬರುತ್ತಿದ್ದವರು ಕ್ರಮೇಣ ಶುಕ್ರವಾರ ಮಾತ್ರ ಬರತೊಡಗಿದ್ದರು. ಮೊದಲ ತೂಕ ಪ್ರತಿಸಲವೂ ಏರುತ್ತಾ ಹೋಗಿ, ಒಂದು ವಾರ ಇದ್ದಕ್ಕಿದ್ದಂತೆ ಆ ಸಾಲು ಖಾಲಿ. ಬೇರೆ ಊರಿಗೆ ಹೋದರೋ, ತೀರಿಕೊಂಡರೋ, ಪುಸ್ತಕದಲ್ಲಿ ಇರಲಿಲ್ಲ. ಬಡ ಕುಟುಂಬಗಳಿಗೆ ಸರ್ಕಾರಿ ಘಟಕದಲ್ಲಿ ಡಯಾಲಿಸಿಸ್ ಉಚಿತ, ನಿಜ. ಆದರೆ ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಇವೆಲ್ಲ ಸೇರಿ ಎಷ್ಟೋ ಮನೆಗಳು ಸೋತುಹೋಗುತ್ತವೆ. ನಿಮ್ಮ ದೊಡ್ಡಪ್ಪನವರು ಯಾವ ಕಷ್ಟಕ್ಕೆ ಬಿಟ್ಟರೋ ನಾನರಿಯೆ, ಆದರೆ ಅಂಥವರೆಲ್ಲ ಹೊರಬಿದ್ದ ಮೇಲೆ ಉಳಿದವರ ಎಣಿಕೆಯೇ ನಮ್ಮ ‘ಕಡಿಮೆ ಪ್ರಮಾಣ’. 2010ರಲ್ಲಿ ಇಡೀ ಜಗತ್ತಿನಲ್ಲಿ ಡಯಾಲಿಸಿಸ್ ಅಥವಾ ಕಸಿ ಪಡೆದವರು ಸುಮಾರು 26 ಲಕ್ಷ, ಅದು ಬೇಕಾಗಿದ್ದವರು ಕನಿಷ್ಠ 49 ಲಕ್ಷ ಎಂದು ಸಂಶೋಧಕರು ಅಂದಾಜಿಸಿದ್ದಾರೆ.

ಪ್ರಶ್ನೆ: ಕಸಿ ಮಾಡಿಸಿಕೊಂಡವರು ಡಯಾಲಿಸಿಸ್‌ನಲ್ಲಿರುವವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎನ್ನುತ್ತಾರೆ. ಗಟ್ಟಿಮುಟ್ಟಾಗಿರುವವರನ್ನೇ ಆರಿಸಿ ಕಸಿ ಮಾಡುವುದರಿಂದ ಹಾಗೆ ಕಾಣುತ್ತಿರಬಹುದಲ್ಲವೇ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹಳ ಒಳ್ಳೆಯ ಸಂಶಯ. ಹೃದಯ ತೀರಾ ದುರ್ಬಲವಾಗಿರುವವರನ್ನು ಕಸಿಗೆ ಒಪ್ಪುವುದಿಲ್ಲವಾದ್ದರಿಂದ, ಎಲ್ಲ ಡಯಾಲಿಸಿಸ್ ರೋಗಿಗಳೊಂದಿಗೆ ಹೋಲಿಸಿದರೆ ಕಸಿಗೆ ಪುಕ್ಕಟೆ ಕೀರ್ತಿ ಸಿಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದಕ್ಕೆ ಉಪಾಯ ಕಂಡುಕೊಂಡಿತು. ವೈದ್ಯರು ಪರೀಕ್ಷಿಸಿ ಕಸಿಗೆ ಯೋಗ್ಯರೆಂದು ಸರದಿ ಪಟ್ಟಿಗೆ ಸೇರಿಸಿದ 46,164 ಮಂದಿಯನ್ನು ಮಾತ್ರ ತೆಗೆದುಕೊಂಡು, ಅವರಲ್ಲಿ ಮೃತ ದಾನಿಯ ಮೂತ್ರಪಿಂಡ ಸಿಕ್ಕ 23,275 ಮಂದಿಯನ್ನು ಇನ್ನೂ ಕಾಯುತ್ತಿದ್ದವರೊಂದಿಗೆ ಹೋಲಿಸಿತು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ವಾರ ಕಸಿ ಪಡೆದವರಿಗೇ ಸಾವಿನ ಅಪಾಯ 2.8 ಪಟ್ಟು ಹೆಚ್ಚಿತ್ತು. ಹದಿನೆಂಟು ತಿಂಗಳು ಕಳೆಯುವ ಹೊತ್ತಿಗೆ ಅದು ಕಾಯುತ್ತಿದ್ದವರ ಅಪಾಯಕ್ಕಿಂತ ಶೇ. 68ರಷ್ಟು ಕಡಿಮೆಯಾಗಿತ್ತು. ಅಂದರೆ ಕಸಿಯ ಲಾಭ ನಿಜವಾದದ್ದೇ, ಆದರೆ ಅದು ಆರಂಭದ ಗಂಡಾಂತರವನ್ನು ದಾಟಿದ ಮೇಲೆ ಸಿಗುವಂಥದ್ದು.

ಪ್ರಶ್ನೆ: ತಮ್ಮನಿಗೆ ಎರಡೂ ಕಿಡ್ನಿ ಹೋಗಿವೆ. ಮನೆಯವರೆಲ್ಲ ನನ್ನ ಕಡೆಗೇ ನೋಡುತ್ತಿದ್ದಾರೆ. ನನಗೆ ಇಬ್ಬರು ಸಣ್ಣ ಮಕ್ಕಳು, ಭಯವಾಗುತ್ತದೆ. ಬೇರೆ ದಾರಿ ಇಲ್ಲವೇ?
— ಗೃಹಿಣಿ, ದಾವಣಗೆರೆ

ಉತ್ತರ: ತಾಯೀ, ನಿಮ್ಮ ಭಯ ತಪ್ಪಲ್ಲ. 2019ರಿಂದ 2023ರವರೆಗೆ ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ನೂರಕ್ಕೆ ಸುಮಾರು 64 ಮಂದಿ ಹೆಂಗಸರು, ಅಂಗ ಪಡೆದವರಲ್ಲಿ ಸುಮಾರು 70 ಮಂದಿ ಗಂಡಸರು. ಇಷ್ಟು ದೊಡ್ಡ ಅಂತರವನ್ನು ವೈದ್ಯಕೀಯ ಕಾರಣಗಳಿಂದಷ್ಟೇ ವಿವರಿಸಲು ಆಗದು. ಮನೆಯ ಕಣ್ಣುಗಳು ಮೊದಲು ಯಾರ ಕಡೆ ತಿರುಗುತ್ತವೆ ಎಂಬುದೂ ಇದರಲ್ಲಿ ಸೇರಿದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಒಪ್ಪಿಗೆ ನಿಮ್ಮದೇ ಆಗಿರಬೇಕು. ತಪಾಸಣೆಗೆ ಹೋದಾಗ ವೈದ್ಯರೊಡನೆ ಒಬ್ಬರೇ ಮಾತನಾಡಬೇಕೆಂದು ಕೇಳಿ, ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳಿ.

ಇನ್ನೊಂದು ದಾರಿ ಮಿದುಳು ನಿಷ್ಕ್ರಿಯಗೊಂಡ ದಾನಿಗಳಿಂದ ಬರುವ ಮೂತ್ರಪಿಂಡ. ಕರ್ನಾಟಕದಲ್ಲಿ ಇದರ ಹಂಚಿಕೆಯನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಸಂಸ್ಥೆ. ನೋಂದಣಿ ಕಸಿಗೆ ಮಾನ್ಯತೆ ಪಡೆದ ಆಸ್ಪತ್ರೆಯ ಮೂಲಕ ಆಗುತ್ತದೆ. ಕಾಯುವಿಕೆ ದೀರ್ಘವೆಂಬುದನ್ನು ಮುಚ್ಚಿಡಲಾರೆ. 2023ರಲ್ಲಿ ರಾಜ್ಯದಲ್ಲಿ ಇಂಥ ದಾನಿಗಳು 178, ಇಡೀ ದೇಶದಲ್ಲಿ 1,099, ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬರೂ ಇಲ್ಲ. ಸ್ಪೇನಿನಲ್ಲಿ ಅದೇ ವರ್ಷ ಹತ್ತು ಲಕ್ಷಕ್ಕೆ 48ಕ್ಕೂ ಹೆಚ್ಚು. ಆದ್ದರಿಂದ ನೀವು ಕೊಡುವಿರೋ ಇಲ್ಲವೋ ಎಂಬುದು ತೀರ್ಮಾನವಾಗುವವರೆಗೆ ಕಾಯದೆ, ತಮ್ಮನ ಹೆಸರನ್ನು ಈಗಲೇ ಪಟ್ಟಿಗೆ ಸೇರಿಸಿ. ಅಲ್ಲಿಯವರೆಗೆ ಒಂದು ಡಯಾಲಿಸಿಸ್ಸನ್ನೂ ತಪ್ಪಿಸಬೇಡಿ.